ಮೂರು ಬಂದೂಕಿಗೆ ಒಂದೇ ಡಬ್ಬಿ ಮದ್ದು

೧
ಎಲ್ಲಿಂದ ಶುರು ಮಾಡಲಿ? ರಿವಾಲ್ವರ್ ಸಿಡಿದು ಚೂರಾಯಿತು ಎಂದರೆ ನೀವು ಕೂತು ಓದುತ್ತೀರಿ, ಗೊತ್ತು. ಹಾಗೇ ಮೂರು ಸಲ ಬರೆದೆ, ಮೂರೂ ಸಲ ಹರಿದೆ. ಅದು ಚೂರಾಗಲಿಲ್ಲ. ಪಕ್ಕದಲ್ಲೇ ನಿಂತಿದ್ದೆ ನಾನು. ಸುಳ್ಳು ಬರೆದರೆ ಆರ್ಡಿತ್ ಬಿಡುವವಳಲ್ಲ.

೨
ಆದದ್ದು ಇಷ್ಟು. ನೆಬ್ರಾಸ್ಕಾದ ನಮ್ಮೂರಿನ ಶೂಟಿಂಗ್ ಕ್ಲಬ್ಬಿನಲ್ಲಿ, ಮಾರ್ಚ್‌ನ ಒಂದು ಶನಿವಾರ ಬೆಳಿಗ್ಗೆ, ಆರ್ಡಿತ್ ಹ್ರೂಸ್ಕಾ ತನ್ನ ರಿವಾಲ್ವರಿನ ಟ್ರಿಗರ್ ಎಳೆದಳು. ಸದ್ದು ಬೇರೆಯೇ ಇತ್ತು. ಕೈ ಮೇಲಕ್ಕೆ ಹಾರಿತು. ತೋಟಾ ತುಂಬುವ ಉರುಳೆ ಸಿಕ್ಕಿಕೊಂಡಿತು. ಅರವತ್ತೊಂಬತ್ತರ ಆಕೆ ಬಂದೂಕನ್ನು ಮೇಜಿನ ಮೇಲಿಟ್ಟು, ಊದುತ್ತಿದ್ದ ಮಣಿಕಟ್ಟು ಹಿಡಿದುಕೊಂಡು ಗಂಡನ ಕಡೆ ನೋಡಿದಳು.

ಆ ತೋಟಾ ಮಾಡಿದವನು ಅವಳ ಗಂಡ ಡೆಲ್ಮರ್. ಹಾರಿಸಿದ ಖಾಲಿ ಚಿಪ್ಪುಗಳನ್ನು ಆರಿಸಿ ತಂದು, ಗ್ಯಾರೇಜಿನಲ್ಲಿ ಮತ್ತೆ ಮದ್ದು ತುಂಬಿ ಗುಂಡು ಕೂರಿಸುವುದು ಅವನ ನಲವತ್ತು ವರ್ಷದ ಹವ್ಯಾಸ. ಮನೆಯಲ್ಲಿ ಮೂರು ಅಳತೆಯ ಕೈಬಂದೂಕು, ಮೂರಕ್ಕೂ ಬೇರೆ ಬೇರೆ ಮದ್ದು.

೩
ಆ ಮಧ್ಯಾಹ್ನವೇ ಇಬ್ಬರೂ ಕೂತು ಮಿಕ್ಕ ತೋಟಾಗಳನ್ನೆಲ್ಲ ಬಿಚ್ಚಿದರು. ಇನ್ನೊಂದರಲ್ಲೂ ಮದ್ದು ಎರಡು ಸಲ ಬಿದ್ದಿತ್ತು. ಸಣ್ಣ ಕಣದ ಮದ್ದು, ಚಿಟಿಕೆಯಷ್ಟು ಸಾಕು. ಎರಡು ಪಾಲು ಬಿದ್ದರೂ ಚಿಪ್ಪು ಅರ್ಧ ತುಂಬದು. ಇಣುಕಿದರೆ ಸುಲಭಕ್ಕೆ ಕಾಣದು, ಅವನ ಕಣ್ಣಿಗಂತೂ.

(ಕೊನೆಯ ಎರಡು ಪದ ಬೇಡ ಅಂತ ಡೆಲ್ಮರನ ತಕರಾರು. ಕಣ್ಣಿಗೂ ಕಥೆಗೂ ಸಂಬಂಧವಿಲ್ಲವಂತೆ. ಇಡೀ ಕಥೆಯೇ ಅದು ಎಂದೆ. "ಹಾಗಾದ್ರೆ ಬೇರೆ ಯಾರದಾದ್ರೂ ಕಥೆ ಬರಿ," ಎಂದ.)

೪
ಮೂರು ಬಗೆ ಮದ್ದಿನ ಗೊಂದಲದಿಂದಲೇ ಹೀಗಾಯಿತು, ಇನ್ನು ಮೇಲೆ ಮೂರಕ್ಕೂ ಒಂದೇ ಡಬ್ಬಿ ಎಂದು ಡೆಲ್ಮರ್ ತೀರ್ಮಾನಿಸಿದ. ಬಂದೂಕಿನ ಅಂಗಡಿಯ ವೆರ್ಲಿನ್ ಎರಡು ಬಗೆ ಮುಂದಿಟ್ಟ. ಕೈಪಿಡಿಯ ಪ್ರಕಾರ ಎರಡೂ ನಡೆಯುತ್ತವೆ. ಒಂದು ಸಣ್ಣ ಕಣದ್ದು: ಸ್ವಲ್ಪವೇ ಸಾಕು, ಅಳತೆ ಕೂದಲೆಳೆಯಷ್ಟೂ ತಪ್ಪದು. ಇನ್ನೊಂದು ಪೇಪರ್ ಅವಲಕ್ಕಿಯಂತೆ ಹಗುರ: ಹೆಚ್ಚು ಬೇಕು, ಅಳೆಯುವಾಗ ಸಿಕ್ಕಿಕೊಳ್ಳುತ್ತದೆ.

ಡೆಲ್ಮರ್ ಮೊದಲನೆಯದಕ್ಕೆ ಕೈಹಾಕಿದ. ಆರ್ಡಿತ್ ಆ ಕೈಯ ಮೇಲೆ ಬ್ಯಾಂಡೇಜು ಸುತ್ತಿದ ತನ್ನ ಕೈಯಿಟ್ಟಳು.

"ಹಗುರದ್ದು ಎರಡು ಸಲ ಬಿದ್ರೆ ಏನಾಗುತ್ತೆ, ವೆರ್ಲಿನ್?"

"ಚಿಪ್ಪು ಹಿಡಿಯಲ್ಲ. ಮೇಜಿಗೆಲ್ಲ ಚೆಲ್ಲುತ್ತೆ."

"ಅದೇ ಕೊಡು."

"ಅದು ಈಗ ತಾನೇ ಕಲಿಯೋರು ತಗೊಳ್ಳೋ ಮದ್ದು ಕಣೇ," ಎಂದ ಡೆಲ್ಮರ್.

"ನಿನಗೆ ಕಾಣಿಸಲ್ಲ, ಡೆಲ್. ಎರಡು ವರ್ಷ ಆಯ್ತು. ಉಪ್ಪೋ ಸಕ್ಕರೆಯೋ ಅಂತ ನೆಕ್ಕಿ ನೋಡ್ತೀಯ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?"

ವೆರ್ಲಿನ್ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

೫
(ಇಲ್ಲಿ ಡೆಲ್ಮರ್ ಅತ್ತ ಎಂದು ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು, ಹೊಡೆದುಹಾಕಿದೆ. ಅವನು ಅಳಲಿಲ್ಲ.)

ಹಾಗಾದರೆ ಈ ಕೆಲಸವನ್ನೇ ಬಿಟ್ಟುಬಿಡಲಾ ಎಂದು ಕೇಳಿದ. ಬೇಡ, ನೀನು ತುಂಬು, ನಾನು ನೋಡುತ್ತೇನೆ ಎಂದಳು. ನಲವತ್ತು ವರ್ಷ ಯಾರೂ ತನ್ನ ಕೆಲಸ ಪರೀಕ್ಷೆ ಮಾಡಿಲ್ಲ ಎಂದು ಗೊಣಗಿದ.

"ಕೈ ಊದಿದ್ದು ನಂದು ತಾನೇ," ಎಂದಳು.

ಗ್ಯಾರೇಜಿಗೆ ಎರಡು ಸ್ಟೂಲು ಬಂದವು. ಅವನು ಮದ್ದು ಅಳೆದು ಬೀಳಿಸುವ ಯಂತ್ರದ ಹಿಡಿ ಎಳೆಯುವುದು, ಅವಳು ಟಾರ್ಚು ಬಿಟ್ಟು ಪ್ರತಿ ಚಿಪ್ಪಿನೊಳಗೂ ಇಣುಕಿ "ಹೂಂ" ಅನ್ನುವುದು. ಮೂರನೆಯ ದಿನ ಅವನ ಕೈ ಮರೆತು ಎರಡು ಸಲ ಎಳೆಯಿತು. ಮದ್ದು ಉಕ್ಕಿ ಮೇಜಿಗೆ ಚೆಲ್ಲಿತು.

"ಕಾಣ್ತು," ಎಂದ ಡೆಲ್ಮರ್, ಅವಳಿಗಿಂತ ಮೊದಲು.

೬
ಮುಕ್ತಾಯಗಳು ನನ್ನ ಹತ್ತಿರ ಎರಡಿದ್ದವು. ಒಂದರಲ್ಲಿ ಅವನು ಬಂದೂಕು ಬಿಟ್ಟು ತೋಟ ಮಾಡುತ್ತಾನೆ. ಆರ್ಡಿತ್ ಒಪ್ಪಲಿಲ್ಲ, ಅವನು ನೆಟ್ಟ ಟೊಮೆಟೊ ಒಂದೂ ಬದುಕಿಲ್ಲವಂತೆ. ಇನ್ನೊಂದರಲ್ಲಿ ಕ್ಲಬ್ಬಿನ ಪದಕ ಗೆಲ್ಲುತ್ತಾನೆ. ಡೆಲ್ಮರನೇ ನಕ್ಕ.

ನಿಜಕ್ಕೂ ಆದದ್ದು ಏಪ್ರಿಲ್‌ನಲ್ಲಿ. ರಿವಾಲ್ವರ್ ರಿಪೇರಿಯಾಗಿ ಬಂದಿತ್ತು. ಮೊದಲ ಗುಂಡು ನಾನೇ ಹಾರಿಸುತ್ತೇನೆ ಎಂದ ಡೆಲ್ಮರ್. ಹಾರಿಸಿದ. ಗುಂಡು ಹಲಗೆಯ ಅಂಚಿಗೆ ಬಿತ್ತು. ಸದ್ದು ಎಂದಿನಂತೆಯೇ ಇತ್ತು.

ಆಮೇಲೆ ಆರ್ಡಿತ್ ಕೈ ಚಾಚಿದಳು. ಅವನು ಕೊಡಲಿಲ್ಲ. ಉರುಳೆಯಲ್ಲಿ ಇನ್ನೂ ಐದು ತೋಟಾ ಇದ್ದವು, ಐದೂ ಅವನೇ ತುಂಬಿದವು. ಕೊಳವೆಯನ್ನು ಗುರಿಹಲಗೆಯ ಕಡೆಗೇ ಹಿಡಿದು ಸುಮ್ಮನೆ ನಿಂತ. ಅವಳು ಕೊಡು ಅನ್ನಲಿಲ್ಲ, ಚಾಚಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಮುಂದೇನಾಯಿತು ಅಂತ ನನಗೆ ಗೊತ್ತು. ಬರೆಯುವುದಿಲ್ಲ. ಅವನು ಯೋಚಿಸುತ್ತಿದ್ದಾನೆ, ಅವಸರ ಮಾಡಲು ನಾನು ಯಾರು, ನೀವು ಯಾರು?