ಅಡಿ ಉಂಟು

ಟಿಪ್ಪರಿನ ಕನ್ನಡಿಯಲ್ಲಿ ಉಮ್ಮರನ ಮುಖ, ಅಂಗೈಯಷ್ಟು, ಬೀಡಾ ಜಗಿಯುತ್ತಿದೆ, ಇಂಥ ಹೊತ್ತಿನಲ್ಲೂ ಜಗಿಯುವುದು ಬಿಟ್ಟಿಲ್ಲ ಪುಣ್ಯಾತ್ಮ — ಸಂಕಪ್ಪನಿಗೆ ನಗು ಬಂದು ಅರ್ಧಕ್ಕೇ ನಿಂತಿತು, ನಕ್ಕರೆ ಸೊಂಟ ಅಲುಗುತ್ತದೆ, ಸೊಂಟಕ್ಕೆ ಸುತ್ತಿದ ಹಗ್ಗ ಅಲುಗುತ್ತದೆ, ಹಗ್ಗದ ಆ ತುದಿಯಲ್ಲಿ ಬೆಳಿಗ್ಗೆಯಷ್ಟೇ ನೆಟ್ಟ ಕರೆಂಟು ಕಂಬ, ಟಿಪ್ಪರ್ ಹೂತು ಮಣ್ಣು ಸರಿದದ್ದೇ ವಾಲಿಬಿಟ್ಟಿತು, ಸೀದಾ ಉಮ್ಮರನ ತಲೆಯ ಮೇಲಕ್ಕೆ. ಉಮ್ಮರ್, ಇಳಿಯಬೇಡ, ಇಳಿದರೆ ಗಾಡಿ ಮಗುಚುತ್ತದೆ, ಕಂಬವೂ ನಿನ್ನ ಮೇಲೆಯೇ ಬರುತ್ತದೆ, ಸಂಕಪ್ಪ, ನೀನು ಹಗ್ಗ ಬಿಡಬೇಡ, ನಾನು ಜೆಸಿಬಿ ತರ್ತೇನೆ — ಮೇಸ್ತ್ರಿ ರುಕ್ಮಯ್ಯ ಹಾಗೆಂದು ಓಡಿದ್ದು ಯಾವಾಗ, ಆಗ ಕೆಸರು ಮೊಣಕಾಲಿಗಿತ್ತು, ಈಗ ತೊಡೆ ದಾಟಿದೆ, ತಣ್ಣಗೆ, ಅವಸರವೇ ಇಲ್ಲದೆ ಏರುತ್ತದೆ. ತೋಡಾರಿನಾಚೆಯ ಈ ಜೌಗು ಬೈಲಿಗೆ ಕೊಕ್ಕರೆ ಬಿಟ್ಟರೆ ಯಾರೂ ಇಳಿದವರಲ್ಲ, ಆದರೆ ಬೈಲಿನಾಚೆ ಗುಡ್ಡದಲ್ಲಿ ಕೆಂಪುಕಲ್ಲು ಉಂಟಲ್ಲ, ಕಲ್ಲು ಕೊಯ್ಯುವ ಮೆಷಿನಿಗೆ ಕರೆಂಟು ಬೇಕು, ಕೊಯ್ದ ಕಲ್ಲಿಗೆ ರಸ್ತೆ ಬೇಕು, ಹಾಕಿದ ಮಣ್ಣನ್ನೆಲ್ಲ ಬೈಲು ನುಂಗಿ ತೇಗಿ ಇನ್ನೂ ತಾ ಎನ್ನುತ್ತಿತ್ತು. ಬಿದಿರು ಚುಚ್ಚಿ ಆಳ ನೋಡುವ ಮಾರಾಯ, ಎಂದಿದ್ದ ರುಕ್ಮಯ್ಯ. ಮೀನಿಗೆ ಈಜು ಕಲಿಸ್ತೀಯಾ, ಎಂದವನು ತಾನು. ಕಂಬಳದಲ್ಲಿ ಕೋಣ ಓಡಿಸಿದ ಕಾಲು, ಮೂಡುಬಿದಿರೆಯಲ್ಲಿ ಪದಕ ತಂದ ಕಾಲು, ಎರಡು ಹೆಜ್ಜೆ ಇಳಿದು ಎದೆ ಸೆಟೆಸಿ, ಅಡಿ ಉಂಟು, ಕೆಳಗೆ ಗಟ್ಟಿ ನೆಲ, ಗಾಡಿ ಬರಲಿ, ಎಂದು ಕೈ ಬೀಸಿದ್ದ. ಕಂಬಳದ ಕರೆಯಲ್ಲಿ, ಕೋಣ ಓಡುವ ಆ ಗದ್ದೆಯಲ್ಲಿ, ಕೆಸರಿನಡಿ ಮರಳಿರುತ್ತದೆ, ಮನುಷ್ಯರೇ ಹೊತ್ತು ಹಾಕಿದ ಮರಳು, ಹೆಬ್ಬೆರಳು ಕುಕ್ಕಿದ ಕೂಡಲೇ ಸಿಗುತ್ತದೆ — ಇಲ್ಲಿ ಯಾರು ಹಾಕಿದ್ದಾರೆ, ನಿನ್ನ ಅಜ್ಜನಾ, ಮಂಡೆ ಇಲ್ಲದವನೇ, ಎಂದು ಈಗ ತನ್ನನ್ನೇ ಬೈದುಕೊಂಡ. ಉಳಿದ ಡ್ರೈವರುಗಳು ಹಿಂದೆ ಸರಿದು ಗಾಡಿ ತಿರುಗಿಸಿಕೊಂಡು ಹೋದರು, ಉಮ್ಮರ್ ಮಾತ್ರ, ಸಂಕಪ್ಪಣ್ಣ ಹೇಳಿದ ಮೇಲೆ ಮುಗೀತು, ಎಂದು ಗೇರು ಹಾಕಿದ.

ಪಕ್ಕದಲ್ಲೇ ತೆಂಗಿನ ದಿಮ್ಮಿ ಬಿದ್ದಿದೆ, ಹಗ್ಗ ಬಿಚ್ಚಿಕೊಂಡು ಬಾಗಿದರೆ ಕೈಗೆ ಸಿಗುತ್ತದೆ, ಹಿಡಿದು ಮೇಲೆ ಬರಬಹುದು, ಬಿಚ್ಚಿಕೊಂಡರೆ ತಾನೆ. ಒಮ್ಮೆ ಕೋಣ ಬೀಳಿಸಿ ಕರೆಯುದ್ದಕ್ಕೂ ಎಳೆದೊಯ್ದಿತ್ತು, ಹಗ್ಗ ಬಿಡು ಬಿಡು ಎಂದು ಊರಿಗೆ ಊರೇ ಕೂಗಿತ್ತು, ಬಿಡಲಿಲ್ಲ, ಆಗ ಹಟ, ಈಗ ಬಿಡು ಎನ್ನುವವರು ಯಾರೂ ಇಲ್ಲ, ಹೆದರಿಕೆ ಮಾತ್ರ ಇದೆ, ಕೆಸರಿಗಿಂತ ತಣ್ಣಗೆ. ಜೆಸಿಬಿಯ ಸದ್ದಾ, ಅಲ್ಲ, ಗಾಳಿ. ಕನ್ನಡಿಯಲ್ಲಿ ಜಗಿಯುವುದು ನಿಂತಿದೆ. ಸಂಕಪ್ಪಣ್ಣ, ಕಾಲಿಗೆ ಅಡಿ ಸಿಕ್ಕಿತಾ, ಇಲ್ಲದಿದ್ರೆ ನಾನು ಇಳಿದು ಬರ್ತೇನೆ. ಬರುತ್ತಾನೆ, ಈ ಹುಚ್ಚ ಬಂದೇ ಬರುತ್ತಾನೆ, ಕೈ ಆಗಲೇ ಬಾಗಿಲಿನ ಮೇಲಿದೆ. ಹೆಬ್ಬೆರಳು ಕುಕ್ಕಿತು, ಏನೂ ಇಲ್ಲ, ಇನ್ನೊಮ್ಮೆ ಕುಕ್ಕಿತು, ಏನೂ ಇಲ್ಲ, ಸೊಂಟದ ಹಗ್ಗ ಕೆಸರಿನೊಳಗೆ ಹೋಯಿತು. ಸಿಕ್ಕಿತು ಮಾರಾಯ, ಅಡಿ ಉಂಟು, ನೀನು ಅಲ್ಲೇ ಕೂತಿರು. ಕೈ ಬಾಗಿಲು ಬಿಟ್ಟಿತು, ಮುಖ ನಂಬಿತು, ಎರಡನೇ ಸಲವೂ ನಂಬಿತು, ಕೆಸರು ಎದೆಗೇರಿತು, ಗದ್ದ ಮುಟ್ಟಿತು, ಕನ್ನಡಿಯಲ್ಲಿ ಮುಖ, ಅಂಗೈಯಷ್ಟು, ಜಗಿಯುತ್ತಿದೆ, ಕನ್ನಡಿಯಲ್ಲಿ, ಅಂಗೈಯಷ್ಟು, ಜಗಿಯುತ್ತಿದೆ