ಔಷಧಿ ಹೊಡೆದ ಹೂವು

“ತಲೆ ಹಿಡ್ಕಳ್ರೋ, ತಲೆ!” ಎಂದು ಪಕ್ಕದ ಮನೆಯ ರಂಗಮ್ಮ ಕೂಗಿದಳು. ವ್ಯಾನಿನಿಂದ ಇಳಿಸುತ್ತಿದ್ದ ಬೋರಮ್ಮನ ಶವ ಒಂದು ಕಡೆಗೆ ವಾಲಿತ್ತು. ಗಂಡ ಕರಿಯಯ್ಯ ಹಿಡಿಯಲು ಮುಂದೆ ಬಂದವನು ಹಾಗೇ ನಿಂತುಬಿಟ್ಟ.

ಅರಸೀಕೆರೆಯಲ್ಲಿ ಟೀಚರಾಗಿದ್ದ ಮಗಳು ಲತಾಮಣಿ ಮೊದಲ ಬಸ್ಸಿಗೇ ಮಾದಿಹಳ್ಳಿಗೆ ಬಂದಿಳಿದಿದ್ದಳು. ಭಾನುವಾರವಷ್ಟೇ ಅವ್ವ ಬಸ್ಸು ಹತ್ತಿಸಿ ಕಳಿಸಿದ್ದಳು. ಅವಳಿಗೆ ಅಳುವೂ ಬರಲಿಲ್ಲ.

ಜಗುಲಿಯಲ್ಲಿದ್ದ ನೆಂಟನೊಬ್ಬ ಮೆಲ್ಲಗೆ ಕೇಳಿದ: “ಮನೇಲಿ ಏನಾರ ಜಗಳಾನಾ? ಬೇಕಂತ್ಲೇ ಔಷಧಿ ಕುಡಿದ್ಲಾ?”

ರಂಗಮ್ಮ ಸರ್ರನೆ ತಿರುಗಿದಳು. “ಯಾವ ಬಾಯಲ್ಲಿ ಅಂತೀರಾ? ಸಾಯೋಳು ಹೂ ಕಟ್ಟಕ್ಕೆ ಬಾಳೆನಾರು ನೆನೆಹಾಕ್ತಾಳಾ? ಅಲ್ನೋಡಿ, ಬಕೀಟಲ್ಲಿ ಇನ್ನೂ ಐತೆ.”



*

೧೯೯೪ರಲ್ಲಿ ಬೋರಮ್ಮ ತವರಿನಿಂದ ಸೇವಂತಿಗೆ ಸಸಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಹಿತ್ತಲಲ್ಲಿ ನೆಟ್ಟಾಗ ಕರಿಯಯ್ಯ ನಕ್ಕಿದ್ದ. ಗೇಣುದ್ದ ಆಗುತ್ತಲೇ ಅವಳು ಕುಡಿಗಳನ್ನೆಲ್ಲ ಚಿವುಟಿ ಎಸೆದಾಗ ಬೈದೂ ಇದ್ದ.

“ತಲೆ ತೆಗೆದ್ರೆ ಬದುಕ್ತವೇನೇ?”

“ಕವಲು ಒಡೀತವೆ. ಸುಮ್ಕೆ ನೋಡ್ತಾ ಇರಿ.”

ದೀಪಾವಳಿಯ ಹೊತ್ತಿಗೆ ಎಲೆ ಕಾಣದಷ್ಟು ಹೂ. ಆ ಹೂವೇ ಮಗಳನ್ನು ಟಿ.ಸಿ.ಎಚ್. ಓದಿಸಿತು. ಹಿತ್ತಲಿನ ಕೆಲಸವೆಲ್ಲ ಬೋರಮ್ಮನದೇ. ಗಿಡಕ್ಕೆ ಹೇನು ಬಿದ್ದರೆ ಔಷಧಿ ಹೊಡೆಯುವುದು ಮಾತ್ರ ಕರಿಯಯ್ಯನದು.

ನಿನ್ನೆ ಅವನು ಹಳೇಬೀಡಿಗೆ ಹೊರಟಾಗ ಅವಳು, “ಮೊಗ್ಗಿಗೆ ಹೇನು ಹತ್ತೈತೆ, ಇವತ್ತೇ ಹೊಡೀಬೇಕು,” ಎಂದಿದ್ದಳು.

“ಬಂದು ಹೊಡೀತೀನಿ. ನೀ ಮುಟ್ಬ್ಯಾಡ.”

ಹಳೇಬೀಡಿನಲ್ಲಿ ಹಳೆಯ ಗೆಳೆಯ ಸಿಕ್ಕ. ಇಬ್ಬರೂ ಕೆರೆ ಏರಿಯ ಮೇಲೆ ಕೂತು ಮಾತಾಡಿದರು. ಎರಡು ಬಸ್ಸು ಹೋದವು. ಅವನು ಮನೆಗೆ ಬರುವಷ್ಟರಲ್ಲಿ ಬೋರಮ್ಮ ಎದುರುಗಾಳಿಯಲ್ಲೇ ಎಲ್ಲ ಸಾಲಿಗೂ ಹೊಡೆದು, ಔಷಧಿಯಲ್ಲಿ ನೆಂದ ಸೀರೆಯಲ್ಲಿ ಬದುವಿನ ಮೇಲೆ ಬಿದ್ದಿದ್ದಳು. ಬಾಯಲ್ಲಿ ನೊರೆ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

*

ಹಳೇಬೀಡಿನಿಂದ ಕನಕಾಂಬರದ ಹಾರ ತರಿಸಿದರು. ಅದನ್ನು ಕೊರಳಿಗೆ ಹಾಕುತ್ತ ರಂಗಮ್ಮ, “ಕೊಂಡ ಹೂವಾ ನಿಂಗೆ?” ಎಂದು ಬಿಕ್ಕಿದಳು.

ಲತಾಮಣಿ ಎದ್ದು ಹಿತ್ತಲಿಗೆ ಹೋದಳು. ಹಳದಿ ಸೇವಂತಿಗೆಗೆ ಕೈ ಚಾಚಿದ್ದೇ ತಡ, ಹಿಂದಿನಿಂದ ಕರಿಯಯ್ಯ ಕಿರುಚಿದ: “ಮುಟ್ಬ್ಯಾಡ ಕಣವ್ವಾ!”

“ಅವ್ವನ ಮುಡಿಗೆ ಕಣಪ್ಪ. ಒಂದೇ ಒಂದು.”

“ಬ್ಯಾಡ. ವಿಷ ಐತೆ.” ಅವನು ಮಗಳ ಕೈ ಹಿಂದಕ್ಕೆಳೆದ. “ಎರಡು ಬಸ್ಸು ಬಿಟ್ಟೆ ಕಣವ್ವಾ ನಾನು.”

ಲತಾಮಣಿ ಅಪ್ಪನ ಮಣಿಕಟ್ಟು ಹಿಡಿದುಕೊಂಡು ಅಂಗಳಕ್ಕೆ ಬಂದಳು.

ಮಣ್ಣು ಮಾಡುವ ಜಾಗಕ್ಕೆ ಹಿತ್ತಲ ಬದುವೇ ದಾರಿ. ಚಟ್ಟ ಎತ್ತಿದಾಗ ಜನ ಕಿರಿದಾದ ಬದುವಿನಲ್ಲಿ ಒತ್ತೊತ್ತಾಗಿ ನಡೆದರು. ಕರಿಯಯ್ಯ ಹೆಗಲು ಕೊಡಲಿಲ್ಲ. ಗಿಡಗಳಿಗೆ ಬೆನ್ನು ಮಾಡಿ, ಎರಡೂ ತೋಳು ಅಗಲಿಸಿ, ಯಾರ ಸೆರಗೂ ಹೂವಿಗೆ ತಾಗದಂತೆ ತಡೆದು ನಿಂತ. ಕಡೆಯ ಹೆಂಗಸು ದಾಟುವವರೆಗೂ ತೋಳು ಇಳಿಸಲಿಲ್ಲ. ಅಷ್ಟರಲ್ಲಿ ಚಟ್ಟ ಮುಂದಿನ ತೆಂಗಿನ ತೋಟದಲ್ಲಿ ಮರೆಯಾಗಿತ್ತು.