ಮೊಣಕಾಲಿನ ಹಿಂದೆ ಒಂದು ತೊಟ್ಟು

ಕೆಲ್ಲುವಿಗೆ ತಾನು ಮಾಡಿದ ಸುಗಂಧದೆಣ್ಣೆ ಹಚ್ಚಿ ನೋಡಲು ಒಂದು ಕೈ ಇರಲಿಲ್ಲ.

ಅವಳ ಸ್ವಂತ ಕೈಗಳು ಇದ್ದತ್‌ನಲ್ಲಿದ್ದವು. ಗಂಡ ಕಚಲ್ಲಾ ಸತ್ತು ಎಪ್ಪತ್ತೊಂದು ದಿನವಾಗಿತ್ತು. ನಾಲ್ಕು ತಿಂಗಳು ಹತ್ತು ದಿನ ಮುಗಿಯುವವರೆಗೆ ಗೋರಂಟಿ ಇಲ್ಲ, ಕಾಡಿಗೆ ಇಲ್ಲ, ಮೈಗೆ ಸುಗಂಧವಂತೂ ಇಲ್ಲವೇ ಇಲ್ಲ. ಸವತಿ ಯಾಕಾಕಾಳ ಕೈಗಳೂ ಅದೇ ಗಂಡನ ಅದೇ ಇದ್ದತ್‌ನಲ್ಲಿದ್ದವು. ಮನೆಯಲ್ಲಿ ಉಳಿದ ಹೆಣ್ಣು ಎಂದರೆ ಯಾಕಾಕಾಳ ಒಂಬತ್ತು ವರ್ಷದ ಮಗಳು. ಈ ಎಣ್ಣೆ, ಹುಮ್ರಾ, ಮದುವೆಯಾದವರದು. ಹುಡುಗಿಯ ಮೈಯಲ್ಲಿ ಅದರ ವಾಸನೆ ಬಂದರೆ ಮೈದುಗುರಿ ಊರಿನಲ್ಲಿ ಬಾಯಿಗಳು ಸುಮ್ಮನಿರುವುದಿಲ್ಲ.

ಉಗ್ರಾಣದ ಕತ್ತಲೆ ಮೂಲೆಯಲ್ಲಿ ಗಾಜಿನ ಭರಣಿ ಕೂತಿತ್ತು. ಮೂರು ಲೀಟರ್. ಲವಂಗ, ಶ್ರೀಗಂಧ, ಕಸ್ತೂರಿ, ಪುನುಗು ಎಲ್ಲ ಬೆರೆತು ನಲವತ್ತು ದಿನದಿಂದ ಹಣ್ಣಾಗುತ್ತಿತ್ತು. ಕೋಲೋ ಮನೆಯ ನಾಲ್ಕನೆಯ ಮಗಳ ಮದುವೆಗೆ ಇನ್ನು ಒಂಬತ್ತು ದಿನ. ಮೊದಲ ಮೂರು ಹುಡುಗಿಯರ ಪೆಟ್ಟಿಗೆಗೂ ಕೆಲ್ಲುವಿನ ಹುಮ್ರಾವೇ ಹೋಗಿತ್ತು. ಮೂವರೂ ಗಂಡನ ಮನೆಯ ಅಂಗಳ ದಾಟುವಾಗ, ಇದು ಕೆಲ್ಲು ಕೈಯದು ಎಂದು ಜನ ಹೇಳಿದ್ದರು. ಅವಳಿಗೆ ಇದ್ದದ್ದು ಆ ಒಂದು ಮಾತು.

ಎಣ್ಣೆ ಮಾಡುವುದಕ್ಕೆ ಅಡ್ಡಿ ಇರಲಿಲ್ಲ. ಧರ್ಮ ಹೇಳಿಕೊಡುವ ಮಲ್ಲಂ ಅವರನ್ನು ಮೊದಲೇ ಕೇಳಿದ್ದಳು. "ಮಾಡೋದು ಕಸುಬು, ಹಚ್ಚೋದು ಶೃಂಗಾರ. ಕಸುಬು ಮಾಡಮ್ಮ" ಎಂದಿದ್ದರು. ಹಾಗಾಗಿ ಹಳದಿ ರಬ್ಬರ್ ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಲಸಿದ್ದಳು.

"ಹೆಣ ತೊಳೆಯೋರ ಥರ ಕಾಣ್ತೀಯ ಅಕ್ಕ" ಎಂದಿದ್ದಳು ಯಾಕಾಕಾ.

"ನಿನ್ನನ್ನ ತೊಳೆಯೋಕೂ ಇದೇ ಗವಸು ಇಟ್ಕೊಂಡಿರ್ತೀನಿ."

ತೊಂದರೆ ಬಂದದ್ದು ಪುನುಗಿನಿಂದ. ಹಳೆಯ ವ್ಯಾಪಾರಿ ಊರು ಬಿಟ್ಟಿದ್ದ. ಮಂಡೇ ಮಾರ್ಕೆಟ್ಟಿನ ಹೊಸಬನಿಂದ ಪುನುಗು ತುಂಬಿದ ಒಂದು ದನದ ಕೊಂಬು ತರಿಸಿದ್ದಳು. ಪುನುಗಿಗೆ ಬೆಣ್ಣೆ ಬೆರೆಸುವವರಿದ್ದಾರೆ. ಬೆರೆಸಿದ್ದು ಕೊಂಬಿನಲ್ಲಿ ತಿಳಿಯುವುದಿಲ್ಲ, ಭರಣಿಯಲ್ಲೂ ತಿಳಿಯುವುದಿಲ್ಲ. ಚರ್ಮದ ಬಿಸಿಗೆ ಆರು ಗಂಟೆ ಬೇಯಬೇಕು, ಆಗ ಹುಳಿ ಮೇಲೆ ಬರುತ್ತದೆ. ಭರಣಿಯ ಬಾಯಿಗೆ ಮೂಗಿಟ್ಟು ಹುಮ್ರಾ ಕೊಳ್ಳುವವರನ್ನು ಕಂಡರೆ ಕೆಲ್ಲುವಿಗೆ ನಗು. ಮುಂಜಾವಿಗೆ ಹಚ್ಚಿದ್ದು ಮೊದಲು ಲವಂಗವಾಗಿ ಕುಟುಕುತ್ತದೆ. ಒಲೆ ಹೊತ್ತುವ ವೇಳೆಗೆ ಅದು ಇಳಿದು ಗಂಧ ಏಳುತ್ತದೆ. ಆಮೇಲೆ ಕಸ್ತೂರಿ. ನಡುಹಗಲಿಗೆ ಪುನುಗು. ಹೆಂಗಸಿನ ಹತ್ತಿರ ಬಂದವರ ಮೂಗಿಗೆ ಕೊನೆಗೆ ಸಿಗುವುದು ಅದು. ಅಲ್ಲಿ ತಪ್ಪಿದರೆ ಎಲ್ಲ ತಪ್ಪಿದ ಹಾಗೆ.

ಪಕ್ಕದ ಮನೆಯ ಫನ್ನಾಳ ಮೊಣಕೈಗೆ ಒಂದು ತೊಟ್ಟು ಹಚ್ಚಿ ಕಳಿಸಿದ್ದಳು. ಫನ್ನಾ ಮಧ್ಯಾಹ್ನ ಬಂದು ಕೈ ಚಾಚಿದಳು.

"ನನ್ನ ಗಂಡ ಊಟಕ್ಕೆ ಕೂತೋನು, ಯಾರ ಮನೆ ಗಂಜಿ ಹಳಸಿದೆ ಅಂತ ಕೇಳ್ತಿದಾನೆ."

ಕೆಲ್ಲು ಮೂಸಿ ನೋಡಿದಳು. ಹುಳಿ ಇತ್ತು. "ಏನಾದ್ರೂ ಮಾತ್ರೆ ತಗೋತಿದೀಯಾ?"

"ಚಳಿಜ್ವರದ್ದು. ಮೂರು ದಿನದಿಂದ."

ಮಾತ್ರೆ ನುಂಗುವವರ ಮೈಯಲ್ಲಿ ಒಳ್ಳೆಯ ಎಣ್ಣೆಯೂ ಕೆಡುತ್ತದೆ. ಹಾಗಾದರೆ ಕೆಟ್ಟದ್ದು ಫನ್ನಾಳ ಚರ್ಮವೋ ಪುನುಗೋ? ಪುನುಗಾದರೆ ಇವತ್ತೇ ಲವಂಗ, ಕಸ್ತೂರಿ ಏರಿಸಿ, ಒಂದು ವಾರ ಕೂರಿಸಿ ಸರಿಮಾಡಬಹುದು. ಪುನುಗು ಸರಿಯಿದ್ದರೆ ಮುಟ್ಟಿದ್ದೇ ತಪ್ಪಾಗುತ್ತದೆ. ಕೆಲ್ಲು ಅಂಗಳದ ಬೇವಿನ ಮರದಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಬೇವಿನ ಮರಕ್ಕೆ ನಡೆದಳು. ಮುಚ್ಚಳ ಬಿಚ್ಚಿದಳು, ಕಟ್ಟಿದಳು. ರಾತ್ರಿ ಊಟದ ತಟ್ಟೆಯಲ್ಲಿ ಒಣಮೀನು ಹಾಗೇ ಉಳಿಯಿತು.

"ತಿನ್ನು ಅಕ್ಕ. ನೀನು ನಡೆದಾಡೋದು ನೋಡಿ ನನ್ನ ಕಾಲು ನೋಯ್ತಿದೆ" ಎಂದಳು ಯಾಕಾಕಾ.

ಇನ್ನೊಬ್ಬರ ಮೈಗೆ ಹಚ್ಚಿದರೂ ಇದೇ ಅನುಮಾನ. ಕೆಲ್ಲುವಿಗೆ ಮೂವತ್ತು ವರ್ಷದಿಂದ ಗೊತ್ತಿದ್ದ ಚರ್ಮ ಒಂದೇ, ತನ್ನದು. ಅದು ಯಾವಾಗ ಎಷ್ಟು ಬೆವರುತ್ತದೆ, ಲವಂಗವನ್ನು ಎಷ್ಟು ಬೇಗ ನುಂಗುತ್ತದೆ, ಎಲ್ಲ ಗೊತ್ತಿತ್ತು.

ಎಪ್ಪತ್ತೆರಡನೆಯ ದಿನ, ಮುಂಜಾನೆಯ ನಮಾಜು ಮುಗಿಸಿ, ಅವಳು ಭರಣಿಯಿಂದ ಒಂದು ಕಡ್ಡಿಯಲ್ಲಿ ಒಂದು ತೊಟ್ಟು ತೆಗೆದಳು. ಮೊಣಕೈಗೆ ಹಚ್ಚಿದರೆ ಬಂದವರಿಗೆ ತಿಳಿಯುತ್ತದೆ. ಬಲಗಾಲಿನ ಮೊಣಕಾಲಿನ ಹಿಂದೆ ಹಚ್ಚಿ, ಬಟ್ಟೆ ಇಳಿಬಿಟ್ಟಳು. ಮುಚ್ಚಳಕ್ಕೆ ಬಟ್ಟೆ ಸುತ್ತಿ, ಹಗ್ಗ ಬಿಗಿದು ಮೂರು ಗಂಟು ಹಾಕಿ, ಮೇಲೆ ಮೇಣ ಸುರಿದಳು. ಉಪವಾಸದಲ್ಲಿ ಅಡುಗೆಯವಳು ಸಾರಿನ ಉಪ್ಪನ್ನು ನಾಲಿಗೆಗೆ ತಾಗಿಸಿ ಉಗುಳುವುದಿಲ್ಲವೇ? ಇದೂ ಅಷ್ಟೇ. ಆದರೆ ಈ ಸಲ ಮಲ್ಲಂ ಅವರನ್ನು ಕೇಳಲಿಲ್ಲ. ಬೇಡ ಎಂದುಬಿಟ್ಟರೆ ಎಂಬ ಭಯ. ನಡುಹಗಲಿಗೆ ಮೂಸಿ ನೋಡುವುದು, ಬೂದಿ ಹಾಕಿ ತಿಕ್ಕಿ ತೊಳೆಯುವುದು, ಮುಗಿಯಿತು.

ಹನ್ನೊಂದು ಗಂಟೆಗೆ ಹಜ್ಜಾ ಗನಾ ಬಂದಳು.

ಹಜ್ಜಾ ಗನಾ ಕಚಲ್ಲಾನ ಅಕ್ಕ. ದಪ್ಪ ಹೆಂಗಸು, ಮೂಗು ಚುರುಕು. ಜೊತೆಗೆ ದಮಾತುರುವಿನಿಂದ ಬಂದಿದ್ದ ಇಬ್ಬರು ನೆಂಟರಿದ್ದರು. ಸಾವಿಗೆ ಬರಲಾಗದೆ ಈಗ ಮಾತಾಡಿಸಿ ಹೋಗಲು ಬಂದವರು. ಅವರು ಮೂರು ಊರಿನ ಮದುವೆ ಮನೆಗಳಲ್ಲಿ ಓಡಾಡುವ ಹೆಂಗಸರು. ಅವರ ಕಿವಿಗೆ ಬಿದ್ದದ್ದು ವಾರದೊಳಗೆ ಕೋಲೋ ಮನೆಗೂ ಬೀಳುತ್ತದೆ. ಸತ್ತ ಗಂಡನ ಇದ್ದತ್‌ನಲ್ಲಿ ಘಮಘಮಿಸಿದವಳ ಎಣ್ಣೆಯನ್ನು ಯಾವ ತಾಯಿ ಮಗಳ ಪೆಟ್ಟಿಗೆಯಲ್ಲಿ ಇಡುತ್ತಾಳೆ?

ಒಳಕೋಣೆಯ ಚಾಪೆಯ ಮೇಲೆ ಎಲ್ಲರೂ ಕೂತರು. ಕೆಲ್ಲುವೂ ವಿಧವೆ ಕೂರಬೇಕಾದ ಹಾಗೆ ಕಾಲು ಮಡಚಿ ಕೂತಳು. ಕೂತ ಮೇಲೆ ತನ್ನ ತಪ್ಪು ಗೊತ್ತಾಯಿತು. ಮೂವತ್ತು ವರ್ಷ ಮೊಣಕೈಗೆ ಹಚ್ಚಿಕೊಂಡು ಗಾಳಿಯಲ್ಲಿ ಓಡಾಡಿದವಳು ಅವಳು. ಮಡಚಿದ ಕಾಲಿನ ಸಂದಿ ಎಂದರೆ ಒಲೆ. ಏಪ್ರಿಲ್ ತಿಂಗಳು, ಕರೆಂಟ್ ಇರಲಿಲ್ಲ, ಮೇಲಿನ ಫ್ಯಾನ್ ಸತ್ತಂತೆ ನಿಂತಿತ್ತು. ಮೆಲ್ಲಗೆ ಏಳಬೇಕಾದ ಕಸ್ತೂರಿ ಹನ್ನೊಂದೂಕಾಲಿಗೆ ಒಮ್ಮೆಲೇ ಎದ್ದಿತು.

ಅವಳು ಕಾಲು ಚಾಚಿದಳು. ಗಾಳಿ ಸೋಕಿ ಇನ್ನಷ್ಟು ಹರಡಿತು. ಮಡಚಿದಳು.

"ಏನೇ, ಇರುವೆ ಕಚ್ತಿದೆಯಾ?" ಎಂದಳು ಹಜ್ಜಾ ಗನಾ.

"ಮಂಡಿ ನೋವು ಹಜ್ಜಾ."

"ನನ್ನ ತಮ್ಮ ಇದ್ದಾಗ ಇರಲಿಲ್ಲ ಮಂಡಿ ನೋವು."

ನೆಂಟರಲ್ಲಿ ಹಿರಿಯವಳು ಕಚಲ್ಲಾನ ಒಳ್ಳೆಯತನದ ಬಗ್ಗೆ ಮಾತು ತೆಗೆದಳು. ಅವನು ಬಾಗಾದ ಸಂತೆಯಿಂದ ತಂದ ಮೀನಿನಲ್ಲಿ ಮರಳು ಇರುತ್ತಿರಲಿಲ್ಲವಂತೆ. ಇದ್ದೇ ಇರುತ್ತಿತ್ತು. ಕೆಲ್ಲು ತಲೆ ಆಡಿಸುತ್ತಲೇ ಎದ್ದು, ಬಚ್ಚಲಿಗೆ ಹೋಗಿ ಬರುತ್ತೇನೆಂದು ಹಿತ್ತಲಿಗೆ ಓಡಿದಳು. ಸೋಪು ಹಾಕಿ ತಿಕ್ಕಿದಳು. ಬೂದಿ ಹಾಕಿ ತಿಕ್ಕಿದಳು. ಚರ್ಮ ಕೆಂಪಾಯಿತು. ನೀರು ಬಿದ್ದ ಎಣ್ಣೆ ನಿದ್ದೆಯಿಂದೆದ್ದ ಹಾಗೆ ಎದ್ದಿತು. ಹೊಸಬರಿಗೆ ತಾನೇ ಹೇಳಿಕೊಡುತ್ತಿದ್ದ ಮಾತು ಅವಳಿಗೆ ಆಗ ನೆನಪಾಯಿತು: ಹಚ್ಚುವ ಮೊದಲು ಮೈ ಒದ್ದೆ ಮಾಡಿಕೊಳ್ಳಿ, ಚೆನ್ನಾಗಿ ಅರಳುತ್ತದೆ.

ಬಾಗಿಲಲ್ಲಿ ಯಾಕಾಕಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಕೆಲ್ಲು ಪಕ್ಕದಲ್ಲಿ ಹಾಯುವಾಗ ಅವಳ ಮೂಗು ಸ್ವಲ್ಪ ಅರಳಿತು. ಅವಳು ಕೆಲ್ಲುವಿನ ಮುಖ ನೋಡಿದಳು, ಒದ್ದೆಯಾದ ಬಟ್ಟೆಯ ಅಂಚು ನೋಡಿದಳು.

"ಹುಚ್ಚು ಹಿಡಿದಿದೆಯಾ ನಿನಗೆ?" ಎಂದಳು ಮೆಲ್ಲಗೆ.

"ದಾರಿ ಬಿಡು."

ಚಾಪೆಯ ಮೇಲೆ ಮತ್ತೆ ಕೂತಳು. ಹನ್ನೆರಡರ ಹೊತ್ತಿಗೆ ಪುನುಗು ಬಂತು. ಕೆಲ್ಲು ಚಾಪೆಯ ಅಂಚು ಸರಿಮಾಡುವಂತೆ ಬಗ್ಗಿ ಮೂಸಿದಳು. ಹುಳಿ ಇರಲಿಲ್ಲ. ಇನ್ನೊಮ್ಮೆ ಬಗ್ಗಿದಳು. ಬಿಸಿಲಿಗೆ ಕಾದ ಚರ್ಮದ ಚೀಲ, ಅದರೊಳಗೆ ಯಾರೋ ಸಕ್ಕರೆ ಕಟ್ಟಿಟ್ಟ ಹಾಗೆ. ಕೊಂಬಿನ ಪುನುಗು ಶುದ್ಧವಾಗಿತ್ತು. ಕೆಟ್ಟದ್ದು ಫನ್ನಾಳ ಮಾತ್ರೆ. ಇಷ್ಟು ವರ್ಷಗಳಲ್ಲಿ ಇಂಥದ್ದು ಅವಳ ಕೈಯಿಂದ ಬಂದಿರಲಿಲ್ಲ. ಅವಳಿಗೆ ಎದ್ದು ನಿಂತು ಯಾರಿಗಾದರೂ ಹೇಳಬೇಕೆನಿಸಿತು.

ಹಜ್ಜಾ ಗನಾ ಮಾತು ನಿಲ್ಲಿಸಿ ಗಾಳಿ ಎಳೆದುಕೊಂಡಳು.

"ಹುಮ್ರಾ ವಾಸನೆ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನನ್ನ ತಮ್ಮನ ಮನೇಲಿ ಹುಮ್ರಾ ವಾಸನೆ ಬರ್ತಿದೆ. ನಿಮಗೆ ಬರ್ತಿಲ್ವಾ?"

"ಬರ್ತಿದೆ. ಒಳ್ಳೇದು" ಎಂದಳು ನೆಂಟರಲ್ಲಿ ಕಿರಿಯವಳು. ಹಿರಿಯವಳು ಅವಳ ತೊಡೆ ಚಿವುಟಿದಳು.

"ಉಗ್ರಾಣದಲ್ಲಿ ಕೋಲೋ ಮನೇದು ಇದೆ ಹಜ್ಜಾ. ಮಲ್ಲಂ ಅವರನ್ನ ಕೇಳಿಯೇ ಮಾಡಿದ್ದು" ಎಂದಳು ಕೆಲ್ಲು.

"ಬೆಳಿಗ್ಗೆಯಿಂದ ಬರದೇ ಇದ್ದದ್ದು ಈಗ ಬಂತಾ? ಎರಡು ಬಾಗಿಲು ದಾಟ್ಕೊಂಡು?"

"ಮುಚ್ಚಳ ಸಡಿಲ ಆಗಿರಬೇಕು."

ಹಜ್ಜಾ ಗನಾ ದಡ್ಡಿಯಾಗಿರಲಿಲ್ಲ. "ಸರಿ ಹಾಗಾದ್ರೆ. ಭರಣಿ ಇಲ್ಲಿಗೆ ಬರಲಿ. ಮುಚ್ಚಳ ಸಡಿಲ ಇದ್ರೆ ವಾಸನೆ ಭರಣೀದು. ಬಿಗಿ ಇದ್ರೆ ವಾಸನೆ ಮನುಷ್ಯರದ್ದು. ಯಾರದ್ದು ಅಂತ ಆಮೇಲೆ ನೋಡೋಣ. ಯಾಕಾಕಾ, ನೀನು ಹೋಗು. ಇವಳು ಬೇಡ."

ಯಾಕಾಕಾ ಎದ್ದು ಹೋದಳು.

ಕೆಲ್ಲುವಿಗೆ ಆ ಮೂರು ಗಂಟುಗಳು ಒಂದೊಂದಾಗಿ ಕಾಣುತ್ತಿದ್ದವು. ಮೇಣ ಬೇರೆ. ಯಾಕಾಕಾಳಿಗೆ ಅವಳ ಮೇಲೆ ಪ್ರೀತಿ ಇರಲು ಯಾವ ಕಾರಣವೂ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಕೆಲ್ಲು ಒಂದು ದಿನವೂ ಅವಳಿಗೆ ಹುಮ್ರಾ ಕೊಟ್ಟಿರಲಿಲ್ಲ. ಹಬ್ಬಕ್ಕೆ ಕೇಳಿದಾಗ, ನೀನು ಹಚ್ಚಿಕೊಂಡರೆ ನನ್ನ ಸರದಿಯ ದಿನವೂ ಗಂಡ ನಿನ್ನ ಕೋಣೆಗೇ ಬರುತ್ತಾನೆ ಎಂದು ನಕ್ಕು ಕಳಿಸಿದ್ದಳು. ಈಗ ಬಿಗಿದ ಭರಣಿ ತಂದು ನಡುವೆ ಇಟ್ಟರೆ ಸಾಕು. ಯಾಕಾಕಾ ಬಾಯಿ ತೆರೆಯಬೇಕಾಗಿಯೂ ಇಲ್ಲ.

ಹೊತ್ತು ಹಿಡಿಯಿತು. ಉಗ್ರಾಣದಲ್ಲಿ ಏನೋ ಕೆರೆದ ಸದ್ದು.

"ಬಾವಿ ತೋಡ್ತಿದಾಳಾ?" ಎಂದಳು ಹಜ್ಜಾ ಗನಾ.

ಯಾಕಾಕಾ ಬಾಗಿಲಲ್ಲಿ ಕಾಣಿಸಿಕೊಂಡಳು. ಭರಣಿಯನ್ನು ಎದೆಗೆ ಅವುಚಿಕೊಂಡು, ಅದರ ಬಾಯಿಯ ಮೇಲೆ ಒಂದು ಅಂಗೈ ಮುಚ್ಚಿಕೊಂಡಿದ್ದಳು. ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಳು. ಕೆಲ್ಲುವಿನ ಕಡೆ ನೋಡಲಿಲ್ಲ. ಭರಣಿ ಕೈಜಾರಿತು.

ಹೊಸ್ತಿಲ ಕಲ್ಲಿನ ಮೇಲೆ ಬಿದ್ದು ಒಡೆಯಿತು. ಮೂರು ಲೀಟರ್ ಎಣ್ಣೆ ಚಾಪೆಯ ಮೇಲೆ ಹರಿಯಿತು. ಹಜ್ಜಾ ಗನಾಳ ಚಪ್ಪಲಿ, ಬಟ್ಟೆಯ ಅಂಚು, ದಮಾತುರುವಿನವರ ಕೈಚೀಲ ಎಲ್ಲ ತೊಯ್ದವು. ಆ ಕೋಣೆಯಲ್ಲಿ ಇನ್ನು ಯಾರ ಮೈಯಲ್ಲಿ ಏನಿದೆ ಎಂದು ಹೇಳುವ ಮೂಗು ಇರಲಿಲ್ಲ. ಲವಂಗದ ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರು ಬಂತು.

"ಮುಚ್ಚಳ ಸಡಿಲ ಇತ್ತು ಹಜ್ಜಾ. ಸುತ್ತಲೂ ಎಣ್ಣೆ ಸೋರಿತ್ತು. ಕೈ ಜಾರ್ತು" ಎಂದಳು ಯಾಕಾಕಾ, ತುಟಿ ಒತ್ತಿಕೊಂಡು.

ಹಜ್ಜಾ ಗನಾ ಗಾಜಿನ ಚೂರುಗಳ ನಡುವೆ ಬಿದ್ದಿದ್ದ ಮುಚ್ಚಳದ ಬಟ್ಟೆಯ ಕಡೆ ಬಗ್ಗಲು ನೋಡಿದಳು. ಯಾಕಾಕಾ ಅಷ್ಟರಲ್ಲಿ ಅದನ್ನೇ ಎತ್ತಿಕೊಂಡು ನೆಲ ಒರೆಸುತ್ತಿದ್ದಳು.

"ನಾನು ಹಿಂಗೆ ಆಟೋದಲ್ಲಿ ಹೋಗೋದು ಹೆಂಗೇ?" ಎಂದಳು ಹಜ್ಜಾ ಗನಾ. "ಅರವತ್ತೆರಡು ವರ್ಷ ನನಗೆ. ಮದುಮಗಳ ಥರ ನಾರ್ತಿದೀನಿ."

ನೆಂಟರಲ್ಲಿ ಕಿರಿಯವಳು ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ಅವರು ಹೋದ ಮೇಲೆ ಕೆಲ್ಲು ಚಾಪೆಯ ಅಂಚಿನಲ್ಲೇ ಕೂತಿದ್ದಳು. ಯಾಕಾಕಾ ಮರಳು ತಂದು ಎಣ್ಣೆಯ ಮೇಲೆ ಸುರಿಯುತ್ತಿದ್ದಳು.

"ಅಲ್ಲೇ ಒಳಗೇ ಮುಚ್ಚಳ ಬಿಚ್ಚಿ ತರೋಕೆ ಆಗಲಿಲ್ವಾ ನಿನಗೆ?" ಎಂದಳು ಕೆಲ್ಲು. ಕೃತಜ್ಞತೆ ಅವಳ ದನಿಯಲ್ಲಿ ಇರಲಿಲ್ಲ.

"ಮೂರು ಗಂಟು ಹಾಕಿದ್ದೀಯ ನೀನು. ಮೇಲೆ ಮೇಣ. ಉಗುರಲ್ಲಿ ಆಗಲಿಲ್ಲ, ಹಲ್ಲಲ್ಲಿ ಎಳೆದೆ, ಆದ್ರೂ ಬಿಚ್ಚಲಿಲ್ಲ." ಯಾಕಾಕಾ ಬಾಯಿ ತೆರೆದು ತೋರಿಸಿದಳು. ಮೇಲಿನ ಮುಂಭಾಗದ ಹಲ್ಲು ಮೂಲೆಯಲ್ಲಿ ಮುರಿದಿತ್ತು, ತುಟಿಯ ಮೇಲೆ ಸ್ವಲ್ಪ ರಕ್ತ. "ಕತ್ತರಿ ಎಲ್ಲಿಡ್ತೀಯ ನೀನು?"

"ಕಿಟಕಿ ಮೇಲೆ."

"ಇರಲಿಲ್ಲ."

ಕೆಲ್ಲು ಕತ್ತರಿಯನ್ನು ಬೆಳಿಗ್ಗೆ ತನ್ನ ಕೋಣೆಗೆ ತಂದಿದ್ದಳು. ಅದನ್ನು ಹೇಳಲಿಲ್ಲ.

"ಪುನುಗು ಸರಿಯಿತ್ತು" ಎಂದಳು.

"ಗೊತ್ತು. ನೀನು ಚಾಪೆ ಮೇಲೆ ಬಗ್ಗಿ ಮೂಸಿದಾಗಲೇ ಗೊತ್ತಾಯ್ತು." ಯಾಕಾಕಾ ಮರಳನ್ನು ಕಾಲಿನಿಂದ ತಳ್ಳಿದಳು. "ಒಂದು ಸಲಾನೂ ನನಗೆ ಕೊಡಲಿಲ್ಲ ನೀನು."

ಸಂಜೆ ಕೆಲ್ಲು ಕೋಲೋ ಮನೆಗೆ ಫೋನ್ ಮಾಡಿ ಭರಣಿ ಒಡೆದದ್ದು ಹೇಳಿದಳು. ಎಂಟು ದಿನದಲ್ಲಿ ಇನ್ನೊಂದು ಮಾಡಲಾಗುವುದಿಲ್ಲ ಎಂಬುದನ್ನು ಅವರಿಗೆ ಹೇಳಬೇಕಾಗಿರಲಿಲ್ಲ. ಹುಡುಗಿಯ ತಾಯಿ ನೊಂದುಕೊಂಡಳು, ಕೆಲ್ಲುವಿನ ಕೈಯನ್ನು ಹೊಗಳಿದಳು, ಗಂಬೋರುವಿನಲ್ಲಿ ಹುಮ್ರಾ ಮಾಡುವ ಹೆಂಗಸಿನಿಂದ ತರಿಸಿಕೊಳ್ಳುತ್ತೇವೆ ಎಂದಳು. ಹೆಸರಿಗೆ ಏನೂ ಆಗಿರಲಿಲ್ಲ. ಆದರೆ ಮದುವೆಯ ದಿನ ಅಂಗಳ ದಾಟುವ ಹುಡುಗಿಯನ್ನು ನೋಡಿ ಜನ ಬೇರೆ ಹೆಸರು ಹೇಳುತ್ತಾರೆ. ಆ ಹೆಸರನ್ನು ಆಮೇಲೆ ಮರೆಸುವುದು ಸುಲಭವಲ್ಲ.

ಫೋನ್ ಇಟ್ಟು ಅವಳು ಅಂಗಳದಲ್ಲಿ ಅತ್ತಿತ್ತ ನಡೆದಳು. ಬೇವಿನ ಮರದ ಹತ್ತಿರ ನಿಂತು, ಮರಕ್ಕೆ ಒರಗಿ, ಬಲಗಾಲು ಹಿಂದಕ್ಕೆ ಎತ್ತಿ ಬಗ್ಗಿ ಮೂಸಲು ನೋಡಿದಳು. ಮೂಗು ತಲುಪಲಿಲ್ಲ. ಮನೆಯೆಲ್ಲ ಅದೇ ವಾಸನೆಯಾಗಿದ್ದರಿಂದ ತನ್ನದು ಯಾವುದೆಂದು ತಿಳಿಯಲೂ ಇಲ್ಲ.

ಹೋದದ್ದು ಇಷ್ಟು: ಮೂರು ಲೀಟರ್ ಹುಮ್ರಾ, ನಲವತ್ತು ದಿನ, ತಾಯಿಯ ಕಾಲದ ಒಂದು ಭರಣಿ, ಒಂದು ಚಾಪೆ, ಕೋಲೋ ಮನೆಯ ನಾಲ್ಕನೆಯ ಹುಡುಗಿ, ಯಾಕಾಕಾಳ ಮುಂದಿನ ಹಲ್ಲಿನ ಒಂದು ಚೂರು.